ಐದನೇ ಗುಂಡಿ

ಬೈತಕೋಲಿನ ಧಕ್ಕೆಯಲ್ಲಿ ನನ್ನ ಶೆಡ್ಡು.
ಟ್ರಾಲರಿನ ಎಂಜಿನ್ನು ಬಿಚ್ಚುವುದು, ಕಟ್ಟುವುದು ಕಸುಬು;
ಉಗುರಿನ ಸಂದಿಯ ಗ್ರೀಸು
ಮದುವೆಯ ದಿನವೂ ಹೋಗಿರಲಿಲ್ಲ.
ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ
ಸಂಗೀತ ಎಂದೊಡನೆ ನೀವು
ತಂಬೂರಿ, ಜರಿಶಾಲು ಎಂದುಕೊಳ್ಳುತ್ತೀರಿ.

ಡಾಂಬರು ತಂದ ಹಡಗೊಂದು
ಯಾವುದೋ ಕಾಗದ ಸರಿಯಿಲ್ಲವೆಂದು
ನಲವತ್ತು ದಿನ ಲಂಗರಿನಲ್ಲೇ ನಿಂತ ವರ್ಷ
ಅದರ ಎರಡನೇ ಎಂಜಿನಿಯರ್, ಐರ್ಲೆಂಡಿನ ಫಿಂಟನ್,
ಗ್ಯಾಸ್ಕೆಟ್ಟು ಹುಡುಕುತ್ತ ಬಂದ.
ಬಗಲಲ್ಲೊಂದು ಪೆಟ್ಟಿಗೆ.
ಮಗು ಹಿಡಿದ ಹಾಗಲ್ಲ,
ಸಂತೆಗೆ ಕೋಳಿ ಹಿಡಿದು ಹೊರಟ ಹಾಗೆ.

ಪೇಟಿ ನನಗೆ ಗೊತ್ತು. ಸೋಮವಾರದ ಭಜನೆಗೆ
ಹದಿನೇಳು ವರ್ಷ ಬಾರಿಸಿದ್ದೇನೆ.
ಎಡಗೈ ಗಾಳಿ ಹಾಕುತ್ತದೆ, ಬಲಗೈ ಹಾಡುತ್ತದೆ,
ಒಬ್ಬರ ಸುದ್ದಿಗೆ ಒಬ್ಬರು ಹೋಗುವುದಿಲ್ಲ.
ಇದು ಹಾಗಲ್ಲ.
ಅದೇ ಗುಂಡಿ, ಅದೇ ಬೆರಳು:
ತಿದಿ ಒತ್ತಿದರೆ ಒಂದು ಸ್ವರ,
ಎಳೆದರೆ ಇನ್ನೊಂದು.

ಮೂರು ದಿನ ಬೆರಳು ಸುಳ್ಳೇ ಹೇಳಿತು.
ನಾಲ್ಕನೇ ದಿನ ಕೋಡಿಬಾಗದ ಸೇತುವೆಯಲ್ಲಿ ಸ್ಕೂಟರ್ ನಿಲ್ಲಿಸಿ
ಬಳಚು ಆಯುವ ಹೆಂಗಸರನ್ನು ನೋಡುತ್ತಿದ್ದೆ.
ಭರತಕ್ಕೆ ಉಪ್ಪು, ಇಳಿತಕ್ಕೆ ಸಪ್ಪೆ,
ಕಾಳಿಯ ಅಳಿವೆಯಲ್ಲಿ
ಅವರು ಕೈಯಿಟ್ಟ ಗುಂಡಿ ಮಾತ್ರ ಅದೇ.
‘ಅರೇ!’ ಎಂದೆ, ಜೋರಾಗಿಯೇ.
ಹಿಂದಿದ್ದ ಲಾರಿಯವ ಹಾರ್ನು ಹೊಡೆದ.

ಫಿಂಟನ್ ಕಣ್ಣು ಮುಚ್ಚಿ ಬಾರಿಸುತ್ತಿದ್ದ,
ಬೂಟುಗಾಲೊಂದೇ ಎಚ್ಚರ.
ಬರೆದುಕೊಂಡವನು ನಾನು, ಡೀಸೆಲ್ ಲೆಕ್ಕದ ಪುಸ್ತಕದ ಹಿಂಬದಿಗೆ,
ಸರಿಗಮದ ಕೆಳಗೆ ಬಾಣ: ಒಳಗೆ, ಹೊರಗೆ.
ಜಿಗ್ ಎಂದರೆ ತಕಿಟ ತಕಿಟ.
ರೀಲ್ ಎಂದರೆ ತಕಧಿಮಿ, ಬಸ್ಸು ತಪ್ಪಿದವನ ತಕಧಿಮಿ.
ಇನ್ನೊಂದಿದೆ ಒಂಬತ್ತರದ್ದು,
ಒಂದು ಕಾಲು ಗಿಡ್ಡ ಇದ್ದವ ಮೆಟ್ಟಿಲಿಳಿದಂತೆ.
ಹೆಸರು ಕೇಳಿದರೆ ನಗುತ್ತಿದ್ದ;
ಅವರೂರಿನಲ್ಲೂ ಮಟ್ಟು ನೆನಪಿದ್ದವರಿಗೆ
ಹೆಸರು ನೆನಪಿರುವುದಿಲ್ಲವಂತೆ.
ಹಾಗಾಗಿ ನಾನೇ ಇಟ್ಟೆ:
ಐಸ್ ಫ್ಯಾಕ್ಟರಿಯ ಬೆಕ್ಕು,
ರುಜಾರಿಬಾಯಿಯ ಮುರಿದ ಕೊಡೆ,
ಬಂಗಡೆ ಬಾರದ ಮಂಗಳವಾರ.

ಹಡಗು ಹೊರಟ ಬೆಳಿಗ್ಗೆ
ಪೆಟ್ಟಿಗೆ ನನ್ನ ಮೇಜಿನ ಮೇಲಿತ್ತು.
ಕೊಟ್ಟದ್ದೋ, ಮರೆತದ್ದೋ,
ಕೇಳೋಣವೆಂದು ಓಡಿದರೆ
ದೇವಗಡದ ದೀಪಸ್ತಂಭ ದಾಟಿ
ಹಡಗು ಒಂದು ಹಲ್ಲಿಯಷ್ಟಾಗಿತ್ತು.

ಮೀನು ಹಿಡಿಯಬಾರದ ಜೂನ್ ತಿಂಗಳು.
ಬೋಟುಗಳು ಹೊಟ್ಟೆ ತೋರಿಸಿ ದಡದಲ್ಲಿ.
ಪಂಪ್‌ಸೆಟ್ಟು ಹೊತ್ತು ತಂದ ಬೊಮ್ಮು ಗೌಡ,
ಗುಮಟೆ ಬಾರಿಸಿ ಬಾರಿಸಿ ಅಂಗೈ ಹಲಗೆಯಾದವನು,
ಬಾಗಿಲಲ್ಲೇ ನಿಂತು ಕೇಳಿದ. ಕೇಳಿ ಕೇಳಿ ಅಂದ:
‘ಹೇಳಿದ್ದೇ ಎರಡೆರಡು ಸಲ ಹೇಳ್ತ್ಯಲ್ಲಾ,
ಎಂತಾ, ಎದ್ರಿಗಿದ್ದಂವ ಕಿವುಡನಾ?’
ಉತ್ತರ ನನ್ನಲ್ಲಿರಲಿಲ್ಲ.
ಮತ್ತೆ ಮೊದಲಿನಿಂದ ಶುರು ಮಾಡಿದೆ.

ಅಷ್ಟರಲ್ಲಿ ಉಪ್ಪುಗಾಳಿ ಒಂದು ರೀಡು ತಿಂದಿತ್ತು.
ಎರಡನೇ ಸಾಲಿನ ಐದನೇ ಗುಂಡಿ
ಎಳೆದರೆ ಹಾಡುತ್ತದೆ,
ಒತ್ತಿದರೆ ಬರೀ ಉಬ್ಬಸ.
ಬಂಗಡೆ ಬಾರದ ಮಂಗಳವಾರದ ನಟ್ಟನಡುವೆ
ಅಲ್ಲೊಂದು ತೂತು.

ಮೂರನೇ ಸುತ್ತಿಗೆ
ಆ ತೂತಿನೊಳಗಿಂದ ‘ಢಂ’ ಎಂದಿತು.
ಬೊಮ್ಮು ಗೌಡ ಖಾಲಿ ಗ್ರೀಸ್ ಡಬ್ಬಿ ತೊಡೆಗಿಟ್ಟುಕೊಂಡು
ತನಗೇನೂ ಗೊತ್ತಿಲ್ಲದವನಂತೆ
ಸಮುದ್ರ ನೋಡುತ್ತಿದ್ದ.
ನಾಲ್ಕನೇ ಸುತ್ತಿಗೂ ಢಂ. ಹದಿಮೂರನೆಯದಕ್ಕೂ.
ಪಂಪು ಬಿದ್ದಲ್ಲೇ ಬಿದ್ದಿತ್ತು.

ಈ ಸಲ ಫೀಲರ್ ಗೇಜಿನ ಒಂದು ಎಲೆ ಕತ್ತರಿಸಿ
ಎರಡು ರಾತ್ರಿ ಕೂತು ಅರೆದು
ಆ ರೀಡು ನಾನೇ ಕೂರಿಸಿದೆ, ಮೇಣ ಹಾಕಿ.
ಈಗ ಒತ್ತಿದರೂ ಸ್ವರ, ಎಳೆದರೂ ಸ್ವರ,
ಚೊಕ್ಕ.
ಜೂನ್ ಬಂತು. ಪಂಪು ಕೆಟ್ಟಿರದಿದ್ದರೂ ಬೊಮ್ಮು ಗೌಡ ಬಂದ,
ಡಬ್ಬಿ ಹುಡುಕಿ ಎಳೆದುಕೊಂಡ.
ಮಂಗಳವಾರದ ನಡು ಬಂತು.

ಬೆರಳು ಎತ್ತಿದೆ.